ಬೆಲ್ಟ್ ಬಿಚ್ಚಿಟ್ಟು ಒಳಗೆ ಬನ್ನಿ

ಶೆಡ್ಡಿನ ಬಾಗಿಲ ಪಕ್ಕ ಒಂದು ಸ್ಟೂಲು, ಅದರ ಮೇಲೊಂದು ಪ್ಲಾಸ್ಟಿಕ್ ಬುಟ್ಟಿ. ಬಂದವರ ಬೆಲ್ಟು, ಉಂಗುರ, ಸ್ಟೀಲ್ ಪಟ್ಟಿಯ ವಾಚು, ಕೊರಳಲ್ಲಿ ನೇತಾಡುವ ಆಫೀಸಿನ ಕಾರ್ಡು ಎಲ್ಲಾ ಅದಕ್ಕೆ. "ಬೆಲ್ಟ್ ಬಿಚ್ಚಿಟ್ಟು ಒಳಗೆ ಬನ್ನಿ ಸಾರ್" ಎನ್ನುವುದೇ ಇಲ್ಲಿ ಸ್ವಾಗತ. ಎಂಜಿನ್ ನೋಡಲು ಮಡ್‌ಗಾರ್ಡಿನ ಮೇಲೆ ಬಗ್ಗಿದಾಗ ಬಣ್ಣಕ್ಕೆ ಮೊದಲು ತಗಲುವುದು ಬಕಲ್. ಹಳೆ ಕಾರುಗಳಿಗೆ ಹೊಡೆದಿರುವುದು ಬಹುಪಾಲು ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಪೇಂಟು. ಅದರ ಮೇಲೆ ಎರಡಿಂಚು ಗೀರು ಬಿದ್ದರೆ ಅಷ್ಟಕ್ಕೇ ಬಣ್ಣ ಹಚ್ಚಿ ಮುಗಿಸಲಾಗದು, ತೇಪೆ ಎದ್ದು ಕಾಣುತ್ತದೆ. ಇಡೀ ಮಡ್‌ಗಾರ್ಡನ್ನೇ ಉಜ್ಜಿ ಮತ್ತೆ ಹೊಡೆಯಬೇಕು.

ಹಳೆ ಕಾರು, ರೇಸ್ ಕಾರು ಇಟ್ಟುಕೊಂಡವರು ತಮ್ಮತಮ್ಮಲ್ಲೇ ಸೇರಿ ಮಾಡಿಕೊಂಡ ಖಾಸಗಿ ಕ್ಲಬ್ಬು ಇದು. ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆ ಹೋಗುವಾಗ ಸಿಗುವ ಶೀಟ್ ಹೊದಿಸಿದ ಗೋಡೌನು. ಬೋರ್ಡಿಲ್ಲ, ಟಿಕೆಟ್ಟಿಲ್ಲ. ಸದಸ್ಯರೊಬ್ಬರು ಜೊತೆಗೆ ಕರೆದೊಯ್ಯಬೇಕು, ಮೂರ್ನಾಲ್ಕು ದಿನ ಮೊದಲೇ ಹೇಳಿಟ್ಟಿರಬೇಕು: ಎಷ್ಟು ಜನ ಬರುತ್ತೀರಿ, ಯಾವ ಕಾರು ನೋಡಬೇಕು. ಎರಡನೆಯದನ್ನು ಹೇಳಲು ತುಂಬಾ ಜನ ಮರೆಯುತ್ತಾರೆ. ಎಲ್ಲವನ್ನೂ ನೋಡಬೇಕು ಅಂದವರಿಗೆ ಸಿಗುವುದು ಸಾಲಾಗಿ ಹೊದಿಕೆ ಹೊದ್ದು ನಿಂತ ಕಾರುಗಳ ದರ್ಶನ ಅಷ್ಟೆ. ಒಂದು ಕಾರಿನ ಹೆಸರು ಹೇಳಿದರೆ ಅದನ್ನು 'ಎಬ್ಬಿಸಿ' ತೋರಿಸುತ್ತಾರೆ. ನೋಡಬೇಕಾದ್ದು ಆ ಎಬ್ಬಿಸುವ ಕೆಲಸವನ್ನೇ. ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ ಎನ್ನುವುದು ಇಲ್ಲಿ ಎರಡು ಗಂಟೆ ನಿಂತರೆ ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಅಂದರೆ ಏಳಕ್ಕೇ. ಒಂಬತ್ತೂವರೆ ದಾಟಿದರೆ ಬಳ್ಳಾರಿ ರಸ್ತೆ ತುಂಬಿಕೊಳ್ಳುತ್ತದೆ. ಹಳೆ ರೇಡಿಯೇಟರಿಗೆ ಸಿಗ್ನಲ್ಲಿನಲ್ಲಿ ನಿಲ್ಲುವುದು ಆಗಿಬರುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರಿನಲ್ಲಿ ಒತ್ತಡ ಹಿಡಿದು ನೀರು ಬೇಗ ಕುದಿಯದಂತೆ ಮಾಡುವ ಪ್ರೆಶರ್ ಕ್ಯಾಪ್ ಇಲ್ಲದ ಕಾರಿಗೆ ಆ ಮೂರು ಡಿಗ್ರಿಯೂ ದೊಡ್ಡದೇ.

ಒಳಗೆ ಹೋದ ತಕ್ಷಣ ಕಾರಿನ ಹತ್ತಿರ ಓಡಬೇಡಿ, ಮೊದಲು ಮೇಜಿನ ಮೇಲಿನ ಫೈಲು ನೋಡಿ. ಇಂಥ ಕ್ಲಬ್ಬಿನಲ್ಲಿ ಬೆಲೆ ಕೇಳುವುದು ಮರ್ಯಾದೆಯಲ್ಲ, ಫೈಲು ಕೇಳುವುದು ಮರ್ಯಾದೆ. ಹಳೆಯ ಪುಸ್ತಕದ ಆರ್‌ಸಿ, ಆರ್‌ಟಿಒದಿಂದ ತೆಗೆಸಿದ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ಪ್ರತಿ), ಮಾಲೀಕರು ಬದಲಾದಾಗಿನ ಫಾರಂ 29 ಮತ್ತು 30ರ ಪ್ರತಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಪ್ರಿಂಟು. ಆ ಪ್ರಿಂಟನ್ನು ಕಾರಿನ ಮೇಲಿನ ನಂಬರಿಗೆ ಹೋಲಿಸಬೇಕು. ಅಂಕಿಗಳ ನಡುವಿನ ಅಂತರ ಒಂದೇ ಸಮ ಇಲ್ಲದಿದ್ದರೆ, ನಂಬರಿನ ಸುತ್ತ ಲೋಹ ತೆಳ್ಳಗಾಗಿ ಹೊಳೆಯುತ್ತಿದ್ದರೆ, ಯಾರೋ ಗ್ರೈಂಡ್ ಮಾಡಿ ಮತ್ತೆ ಕುಟ್ಟಿದ್ದಾರೆ ಎಂದರ್ಥ. ಎಂಜಿನ್ ನಂಬರ್ ಬೇರೆಯಾಗಿದ್ದರೆ ಅದಕ್ಕೆ ಹೆಚ್ಚಾಗಿ ಸಜ್ಜನಿಕೆಯ ಕಾರಣವೇ ಇರುತ್ತದೆ. ಎಪ್ಪತ್ತರ ದಶಕದಲ್ಲಿ ಪೆಟ್ರೋಲ್ ಬೆಲೆ ಏರಿದಾಗ ದೊಡ್ಡ ಅಮೆರಿಕನ್ ಕಾರುಗಳ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದವರು ಬೇಕಾದಷ್ಟಿದ್ದರು. ಅದನ್ನು ಮರೆಮಾಚದೆ ಹೇಳುವ ಫೈಲು ಒಳ್ಳೆಯ ಫೈಲು.

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಮಾತೂ ಇಲ್ಲೇ ಬರುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್‌ನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗದೆ ಮೂಲರೂಪದಲ್ಲೇ ಇರುವ ಕಾರು, ಬೈಕು 'ವಿಂಟೇಜ್'. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಆಮೇಲೆ ಮರುನೋಂದಣಿಗೆ 5,000. ಹೊಸ ನಂಬರ್ ಸಿಕ್ಕರೆ ರಾಜ್ಯದ ಅಕ್ಷರದ ನಂತರ 'ವಿಎ' ಬರುತ್ತದೆ. ಮೊದಲೇ ನೋಂದಣಿಯಾಗಿದ್ದ ಕಾರಿನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರ್ ಇದ್ದವರು ಅದನ್ನು ಬಿಟ್ಟುಕೊಡುವುದಿಲ್ಲ, ಬಿಡಲೂಬಾರದು. ಈ ನೋಂದಣಿಯ ಕಾರನ್ನು ದಿನಬಳಕೆಗಾಗಲಿ ಬಾಡಿಗೆಗಾಗಲಿ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇಷ್ಟಕ್ಕೇ. ಮದುವೆಗೆ ಹೂವು ಕಟ್ಟಿ ಬಾಡಿಗೆ ಬಿಡುವವರು ಈ ಕಡೆ ಬರದಿರುವುದೇ ಒಳ್ಳೆಯದು.

ಈ ಸಲ ಎಬ್ಬಿಸಲು ಹೇಳಿದ್ದು ಇಂಗ್ಲೆಂಡಿನ ಎಂಜಿ ಕಂಪನಿಯ ಒಂದು ಟಿಸಿ. 1945ರಿಂದ 1949ರವರೆಗೆ ತಯಾರಾದ ಎರಡು ಸೀಟಿನ ತೆರೆದ ಕಾರು, 1250 ಸಿಸಿ, ಎಸ್‌ಯು ಕಂಪನಿಯ ಜೋಡಿ ಕಾರ್ಬುರೇಟರು (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ), 19 ಇಂಚಿನ ತಂತಿ ಚಕ್ರ. ಮಳೆಗಾಲ ಪೂರ್ತಿ ನಿಂತಿದೆ. ಹೊದಿಕೆ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಎಳೆಯಬಾರದು, ಹಿಂದಿನಿಂದ ಮುಂದಕ್ಕೆ ಮಡಿಸುತ್ತಾ ಬರಬೇಕು. ಎಳೆದರೆ ಮೇಲೆ ಕೂತ ದೂಳು ಮರಳುಕಾಗದದಂತೆ ಉಜ್ಜಿಕೊಂಡು ಬರುತ್ತದೆ. ಹೊದಿಕೆ ಹತ್ತಿಯದೇ ಆಗಿರಬೇಕು. ಪ್ಲಾಸ್ಟಿಕ್ ಹೊದಿಕೆಯ ಒಳಗೆ ರಾತ್ರಿಯ ತೇವ ಸಿಕ್ಕಿಕೊಂಡು ಬಣ್ಣದಡಿ ಗುಳ್ಳೆ ಏಳುತ್ತದೆ.

ಹೊದಿಕೆ ತೆಗೆದ ಕೂಡಲೇ ಮೇಸ್ತ್ರಿ ಎಂಜಿನ್ ಸುತ್ತ ಟಾರ್ಚ್ ಹಿಡಿದು ಹುಡುಕುವುದು ಇಲಿಯ ಹಿಕ್ಕೆ. ಬೆಂಗಳೂರಿನ ಶೆಡ್ಡುಗಳಲ್ಲಿ ತುಕ್ಕಿಗಿಂತ ದೊಡ್ಡ ಶತ್ರು ಇಲಿ. ಹಳೆಯ ವೈರಿಂಗಿನ ಮೇಲಿನ ಬಟ್ಟೆ ಸುತ್ತು ಅದಕ್ಕೆ ಗೂಡಿನ ಸಾಮಾನು. ಏರ್ ಕ್ಲೀನರಿನೊಳಗೆ ಕಡಲೆಕಾಯಿ ಸಿಪ್ಪೆ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿಯೇ ಬ್ಯಾಟರಿ ಜೋಡಿಸಬೇಕು. ಅದಕ್ಕೇ ಇಲ್ಲಿ ನಿಂತ ಕಾರುಗಳ ಬಾನೆಟ್ಟನ್ನು ಮುಚ್ಚುವುದಿಲ್ಲ. ಗೂಡು ಕಟ್ಟಲು ಕತ್ತಲು ಬೇಕು, ತೆರೆದಿಟ್ಟು ಒಂದು ಬಲ್ಬು ಉರಿಸಿದರೆ ಇಲಿ ಬೇರೆ ಮನೆ ನೋಡಿಕೊಳ್ಳುತ್ತದೆ. ನುಸಿಗುಳಿಗೆ ಹಾಕುವವರೂ ಇದ್ದಾರೆ. ಅದರ ವಾಸನೆ ಲೆದರ್ ಸೀಟಿಗೆ ಹಿಡಿದರೆ ವರ್ಷವಾದರೂ ಬಿಡದು.

ಟಿಸಿಯ ಬ್ಯಾಟರಿಯಲ್ಲಿ ಪಾಸಿಟಿವ್ ಕಡೆ ಅರ್ಥಿಂಗ್. ಕಾರಿನ ಲೋಹದ ಮೈಗೆ ಕೂರುವುದು ಪಾಸಿಟಿವ್ ಕೇಬಲ್ಲು. ಇದನ್ನು ನೋಡದೆ ಈಗಿನ ಕಾರಿನ ಅಭ್ಯಾಸದಲ್ಲಿ ನೆಗೆಟಿವ್ ಕೇಬಲ್ಲನ್ನು ಮೈಗೆ ಕೊಟ್ಟವರು ಎಷ್ಟೋ ಜನ. ಕೇಬಲ್ ಹೇಗೆ ಕೊಟ್ಟರೂ ಸೆಲ್ಫ್ ಮೋಟಾರು ತಿರುಗುತ್ತದೆ, ಹಾಗಾಗಿ ತಪ್ಪು ಗೊತ್ತಾಗುವುದಿಲ್ಲ. ಆಮೇಲೆ ಡೈನಮೋಗೂ ಬ್ಯಾಟರಿಗೂ ಜಗಳ ಹತ್ತಿ ಅವೆರಡರ ನಡುವಿನ ಕಟ್‌ಔಟ್ ಸ್ವಿಚ್ಚು ಸುಡುತ್ತದೆ. ಈ ಶೆಡ್ಡಿನಲ್ಲಿ ಅಂಥ ಪ್ರತಿ ಕಾರಿನ ಬ್ಯಾಟರಿ ಪೆಟ್ಟಿಗೆಯ ಮುಚ್ಚಳದೊಳಗೆ ಕೆಂಪು ಬಣ್ಣದಲ್ಲಿ ಪ್ಲಸ್ ಗುರುತು ಬರೆದಿದ್ದಾರೆ.

ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್. ಹತ್ತು ನಿಮಿಷ ಬಿಟ್ಟು, ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ಎರಡು ಸಲ ನೋಡಿ, ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲೇ ಎರಡು ಸುತ್ತು. ಇಲ್ಲಿ ಅತಿಥಿಗಳಿಗೂ ಒಂದು ಅವಕಾಶ ಕೊಡುತ್ತಾರೆ, ಜೊತೆಗೇ ಮೇಸ್ತ್ರಿಯ ಎಚ್ಚರಿಕೆ: "ಹೆಬ್ಬೆರಳು ಸುತ್ತ ತರಬೇಡಿ ಅಣ್ಣಾ, ನಾಲ್ಕು ಬೆರಳಿನ ಕಡೆಗೇ ಇರ್ಲಿ." ಎಂಜಿನ್ ಒದ್ದರೆ ಹ್ಯಾಂಡಲ್ ಹಿಂದಕ್ಕೆ ತಿರುಗುತ್ತದೆ. ಹೆಬ್ಬೆರಳು ಹಿಡಿಯ ಆ ಬದಿಯಲ್ಲಿದ್ದರೆ ಮೂಳೆ ಮುರಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಮೈಭಾರ ಹಾಕಿ ಒತ್ತಬಾರದು. ಪ್ಲಗ್ ತೆಗೆದಾಗ ಒದೆಯುವ ಪ್ರಶ್ನೆಯೇ ಇಲ್ಲ, ಆದರೂ ಅಭ್ಯಾಸ ಸರಿಯಾಗಿ ಬರಲಿ ಎಂದು ಈಗಲೇ ಹೇಳುತ್ತಾರೆ. ಸುತ್ತು ಎಲ್ಲಾದರೂ ಬಿಗಿದರೆ ಜೋರು ಮಾಡದೆ ಅಲ್ಲೇ ಬಿಟ್ಟು, ಡೀಸೆಲ್ಲು ಆಯಿಲ್ಲು ಸಮಪಾಲು ಬೆರೆಸಿ ಸಿಲಿಂಡರಿಗೆ ಹಾಕಿ ಮಾರನೆಯ ದಿನ ನೋಡುವುದು.

ಇನ್ನು ಆಯಿಲ್ ಪಂಪು. ಈ ಎಂಜಿನ್ನಿನ ಪಂಪು ಪಕ್ಕದಲ್ಲಿ, ಆಯಿಲ್ ಮಟ್ಟಕ್ಕಿಂತ ಮೇಲೆ ಕೂತಿದೆ. ತಿಂಗಳುಗಟ್ಟಲೆ ನಿಂತರೆ ಅದರೊಳಗಿನ ಆಯಿಲ್ ಎಂಜಿನ್ನಿನ ತಳದ ತೊಟ್ಟಿಗೆ (ಸಂಪ್) ಇಳಿದುಹೋಗಿ ಪಂಪು ಒಣಗುತ್ತದೆ, ಒಣಗಿದ ಪಂಪು ಎಳೆಯುವುದಿಲ್ಲ. ಆದ್ದರಿಂದ ಪ್ಲಗ್ ಇಲ್ಲದೆ, ಕಾಯಿಲ್ ವೈರ್ ಕಿತ್ತು ಹತ್ತು ಸೆಕೆಂಡಿನ ಕಂತುಗಳಲ್ಲಿ ಸೆಲ್ಫ್ ಹೊಡೆದು ಗೇಜಿನ ಮುಳ್ಳು ನೋಡಬೇಕು. ಮೂರು ಕಂತಿಗೂ ಮುಳ್ಳು ಅಲುಗದಿದ್ದರೆ ಪಂಪಿನ ಕಡೆಯ ಜಾಯಿಂಟ್ ಬಿಚ್ಚಿ ಸಿರಿಂಜಲ್ಲಿ ಆಯಿಲ್ ತುಂಬಿಸಬೇಕು. ಈ ಬಾರಿ ಎರಡನೇ ಕಂತಿಗೇ ಎದ್ದಿತು. ಇದನ್ನು ಬಿಟ್ಟು ನೇರ ಸ್ಟಾರ್ಟ್ ಮಾಡಿದರೆ ಬೇರಿಂಗಿನ ಆಯಸ್ಸು ಅರ್ಧ ನಿಮಿಷದಲ್ಲಿ ಖರ್ಚು. ಆಯಿಲ್ ದಪ್ಪನೆಯ 20ಡಬ್ಲ್ಯು-50 ದರ್ಜೆಯದು. ವಾಲ್ವ್ ಎತ್ತುವ ಹಳೆ ಕ್ಯಾಮಿಗೂ ಟ್ಯಾಪೆಟ್ಟಿಗೂ ಜಿಂಕ್, ರಂಜಕದ ಸೇರ್ಪಡೆ ಸಾಕಷ್ಟು ಬೇಕು. ಈಗಿನ ಪೆಟ್ರೋಲ್ ಕಾರಿನ ತೆಳು ಆಯಿಲ್‌ಗಳಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು ರಂಜಕಕ್ಕೆ ಶೇ. 0.08ರ ಮಿತಿ ಹಾಕಿದ್ದಾರೆ. ಒಳ್ಳೆಯದೆಂದು ದುಬಾರಿ ಸಿಂಥೆಟಿಕ್ 0ಡಬ್ಲ್ಯು-20 ತಂದು ಸುರಿದವರ ಕ್ಯಾಮು ಒಂದೇ ವರ್ಷಕ್ಕೆ ಸವೆದಿರುವುದೂ ಉಂಟು.

ಪ್ಲಗ್ ಮತ್ತೆ ಕೂರಿಸಿ, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ನಡುವೆ ವಿಸಿಟಿಂಗ್ ಕಾರ್ಡಿನ ದಪ್ಪ ಕಾಗದ ಎಳೆದು ಕಿಲುಬು ತೆಗೆದು, ಇಗ್ನಿಷನ್ ಹಾಕಿದರೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಟಿಕ್ ಟಿಕ್ ಕೇಳಬೇಕು. ಎಸ್‌ಯು ಪಂಪಿನ ಭಾಷೆ ಸುಲಭ: ಮೊದಲು ಅವಸರದಲ್ಲಿ ಬಡಿದುಕೊಂಡು, ಕಾರ್ಬುರೇಟರಿನ ಪೆಟ್ರೋಲ್ ಬೌಲ್ ತುಂಬಿದ ಮೇಲೆ ನಿಧಾನವಾಗಿ ನಿಂತರೆ ಎಲ್ಲ ಸರಿ. ನಿಲ್ಲದೆ ಬಡಿಯುತ್ತಲೇ ಇದ್ದರೆ ಟ್ಯಾಂಕಿನ ಕಡೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬೌಲಿನ ಸೂಜಿ ಸಿಕ್ಕಿಕೊಂಡು ಪೆಟ್ರೋಲ್ ಹೊರಗೆ ಸುರಿಯುತ್ತಿದೆ. ಸದ್ದೇ ಇಲ್ಲದಿದ್ದರೆ ಪಂಪಿನ ಪಾಯಿಂಟ್ ಅಂಟಿದೆ, ಸ್ಕ್ರೂಡ್ರೈವರಿನ ಹಿಡಿಯಿಂದ ಮೆತ್ತಗೆ ಒಂದು ಏಟು. ಈ ಹೊತ್ತಿಗೆ ಒಬ್ಬರು ಫೈರ್ ಎಕ್ಸ್‌ಟಿಂಗ್ವಿಷರ್ ಹಿಡಿದು ಪಕ್ಕದಲ್ಲಿ ನಿಂತಿರುತ್ತಾರೆ, ಫೋಟೋ ತೆಗೆಯುವವರು ಆ ದಾರಿಗೆ ಅಡ್ಡ ನಿಲ್ಲಬಾರದು.

ಚೋಕ್ ಎಳೆದು ಸೆಲ್ಫ್. ಹತ್ತು ಸೆಕೆಂಡಿನಲ್ಲಿ ಆಯಿಲ್ ಪ್ರೆಶರ್ ಬರದಿದ್ದರೆ ಆಫ್. ಬಂದಿತು. ಮೊದಲ ಎರಡು ನಿಮಿಷ ಸಿಲಿಂಡರಿಗೆ ಹಾಕಿದ ಆಯಿಲ್ ಸುಟ್ಟು ನೀಲಿ ಹೊಗೆ, ಅದಕ್ಕೆ ಗಾಬರಿ ಬೇಡ. ಐದು ನಿಮಿಷದ ಮೇಲೂ ನಿಲ್ಲದಿದ್ದರೆ ಮಾತ್ರ ವಾಲ್ವ್ ಗೈಡು, ರಿಂಗು ಎಂದು ಯೋಚಿಸುವುದು. ಕ್ಲಚ್ ಒತ್ತಿದರೂ ಗೇರ್ ಕರಕರ ಅಂದರೆ ಮಳೆಗಾಲದ ತೇವಕ್ಕೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿದೆ ಎಂದರ್ಥ. ಅದಾಗದಿರಲೆಂದೇ ಇಲ್ಲಿ ಪೆಡಲಿಗೂ ಸೀಟಿಗೂ ನಡುವೆ ಒಂದು ರೀಪರ್ ತುಂಡು ಕೊಟ್ಟು ಕ್ಲಚ್ ಒತ್ತಿದ ಸ್ಥಿತಿಯಲ್ಲೇ ನಿಲ್ಲಿಸಿರುತ್ತಾರೆ. ಹ್ಯಾಂಡ್‌ಬ್ರೇಕೂ ಎಳೆಯುವುದಿಲ್ಲ, ಚಕ್ರಕ್ಕೆ ಮರದ ತುಂಡು. ಎಳೆದಿಟ್ಟರೆ ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ.

ಎಂಜಿನ್ ಬಿಸಿಯಾಗುವವರೆಗೆ ಚಕ್ರ ನೋಡಬಹುದು. ಒಂದು ಸಣ್ಣ ಸ್ಪ್ಯಾನರಿನಿಂದ ಪ್ರತಿ ಕಡ್ಡಿಗೂ ತಟ್ಟುತ್ತಾ ಹೋದರೆ ಬಿಗಿಯಾಗಿರುವುದು ಕಿಣ್ ಅನ್ನುತ್ತದೆ, ಸಡಿಲವಾದದ್ದು ಟಪ್. ಒಂದೇ ಕಡೆ ಮೂರು ಟಪ್ ಬಂದರೆ ಆ ಚಕ್ರದಲ್ಲಿ ಹೊರಡುವಂತಿಲ್ಲ. ನಡುವಿನ ರೆಕ್ಕೆ ನಟ್ಟಿಗೆ ಎಡಬಲಕ್ಕೆ ಥ್ರೆಡ್ ಬೇರೆಬೇರೆ. ಅದಲುಬದಲಾದರೆ ಓಡುತ್ತಾ ಓಡುತ್ತಾ ತಾನೇ ಬಿಚ್ಚಿಕೊಳ್ಳುತ್ತದೆ. ಬಡಿಯುವುದು ತಾಮ್ರದ ಸುತ್ತಿಗೆಯಲ್ಲಿ ಮಾತ್ರ. ಬಾಗಿಲಿನ ಒಳಗಡೆ ಟಿಸಿಗೆ ಆಶ್ ಮರದ ಚೌಕಟ್ಟು ಇರುತ್ತದೆ. ಇಂಗ್ಲೆಂಡಿನಲ್ಲಿ ಅದಕ್ಕೆ ಕೊಳೆಯುವ ಭಯ, ನಮ್ಮಲ್ಲಿ ಗೆದ್ದಲಿನ ಭಯ. ಬಾಗಿಲು ಮುಚ್ಚಿದಾಗ ಸದ್ದು ಟೊಳ್ಳಾಗಿ ಕೇಳಿದರೆ ಮಾಲೀಕರ ಮುಖ ನೋಡಬೇಡಿ, ಅವರಿಗೆ ಗೊತ್ತಿರುತ್ತದೆ.

ಕಾರ್ಬುರೇಟರಿನ ಮೇಲಿನ ಹಿತ್ತಾಳೆ ಕ್ಯಾಪ್ ಬಿಚ್ಚಿ ನೋಡಿದರೆ ಡ್ಯಾಶ್‌ಪಾಟ್ ಎಂಬ ಕೊಳವೆಯಲ್ಲಿ ಎಸ್‌ಎಇ 20 ದರ್ಜೆಯ ಆಯಿಲ್, ಒಳಗಿನ ಟೊಳ್ಳು ಕಡ್ಡಿಯ ತುದಿಗಿಂತ 12 ಮಿಲಿಮೀಟರ್ ಮೇಲೆ ಇರಬೇಕು. ಇದು ಪಿಸ್ಟನ್ನಿನ ಕುಣಿತ ತಡೆಯುವ ಡ್ಯಾಂಪರ್ ಇರುವ ಎಸ್‌ಯುಗಳ ಲೆಕ್ಕ, ಹಳೆಯ ಕೆಲವಕ್ಕೆ ಡ್ಯಾಂಪರೇ ಇಲ್ಲ. ಗಾಳಿ-ಪೆಟ್ರೋಲಿನ ಮಿಕ್ಸ್‌ಚರ್ ನೋಡಲು ಎಂಜಿನ್ ಬಿಸಿಯಾದ ಮೇಲೆ ಕಾರ್ಬುರೇಟರಿನೊಳಗಿನ ಪಿಸ್ಟನ್ನನ್ನು ಮುಕ್ಕಾಲು ಮಿಲಿಮೀಟರಿನಷ್ಟು ಎತ್ತಬೇಕು. ಎಂಜಿನ್ ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ, ಕುಸಿದು ನಿಲ್ಲುವಂತಾದರೆ ಕಡಿಮೆ, ಕ್ಷಣ ಏರಿ ಮತ್ತೆ ತನ್ನ ವೇಗಕ್ಕೆ ಬಂದರೆ ಸರಿ. ಪೆಟ್ರೋಲ್ ಬಿಡುವ ಜೆಟ್ಟಿನ ಕೆಳಗಿನ ನಟ್ಟನ್ನು ಒಂದು ಮುಖದಷ್ಟು, ಅಂದರೆ ಸುತ್ತಿನ ಆರನೇ ಒಂದು ಭಾಗ, ತಿರುಗಿಸಿ ಮತ್ತೆ ಎತ್ತಿ ನೋಡುವುದು. ನಟ್ಟು ಕೆಳಗೆ ಹೋದರೆ ಪೆಟ್ರೋಲ್ ಹೆಚ್ಚು.

ಈ ನಟ್ಟಿನ ಸುತ್ತಲೇ ಈಗ ಕ್ಲಬ್ಬಿನ ದೊಡ್ಡ ಚರ್ಚೆ. 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲನ್ನು (ಇ20) ದೇಶಕ್ಕೆ ಬಿಡುಗಡೆ ಮಾಡಿದ್ದೇ ನಮ್ಮ ಊರಲ್ಲಿ, 2023ರ ಫೆಬ್ರವರಿ 6ರಂದು. ಎಥನಾಲ್ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಕಡಿಮೆ ಗಾಳಿ ಸಾಕು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5. ಹಳೆ ಜೆಟ್ಟಿಗೆ ಇದು ಗೊತ್ತಿಲ್ಲ, ಮೊದಲಿನಷ್ಟೇ ಸುರಿಯುತ್ತದೆ, ಹಾಗಾಗಿ ಎಂಜಿನ್‌ಗೆ ಶೇ. 8ರಷ್ಟು ಪೆಟ್ರೋಲ್ ಕಡಿಮೆ ಬಿದ್ದಂತೆ. ಬೆಂಗಳೂರಿನಲ್ಲಿ ಇದು ಅಷ್ಟು ಕಾಡುವುದಿಲ್ಲ, ಕಾರಣ ಎತ್ತರ. ಇಲ್ಲಿಯ ಗಾಳಿ ಕಡಲತೀರದ್ದಕ್ಕಿಂತ ಶೇ. 8ರಿಂದ 9ರಷ್ಟು ತೆಳು. ತೆಳುಗಾಳಿಯಲ್ಲಿ ಕಾರ್ಬುರೇಟರ್ ತಾನಾಗಿಯೇ ಶೇ. 4ರಿಂದ 5ರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಎರಡು ತಪ್ಪು ಸೇರಿ ಅರ್ಧ ಸರಿ ಆಗುತ್ತದೆ, ಉಳಿದದ್ದನ್ನು ನಟ್ಟು ಒಂದೋ ಎರಡೋ ಮುಖ ಇಳಿಸಿ ಮುಗಿಸಬಹುದು. ಕಷ್ಟ ಬರುವುದು ಇಲ್ಲಿ ಚೆನ್ನಾಗಿ ಓಡುತ್ತಿದ್ದ ಕಾರನ್ನು ಹಾಗೇ ಟ್ರೇಲರಿಗೆ ಹಾಕಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಒಯ್ದಾಗ. ಅಲ್ಲಿ ಎತ್ತರದ ಸಹಾಯ ಇಲ್ಲ, ಬಿಸಿಲು ಬೇರೆ. ಮೂರನೇ ಲ್ಯಾಪಿನಲ್ಲಿ ಪಿಸ್ಟನ್ ತಲೆ ತೂತಾದ ಮೇಲೆ ಜೆಟ್ ನೆನಪಾಗುವುದು. ಟ್ರ್ಯಾಕಲ್ಲಿ ಒಂದು ಲ್ಯಾಪ್ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಆಫ್ ಮಾಡಿ ಕ್ಲಚ್ ಒತ್ತಿ ಉರುಳಿಸಿಕೊಂಡು ಬಂದು ಪ್ಲಗ್ ಬಿಚ್ಚಿ ಬಣ್ಣ ನೋಡುವುದಕ್ಕೆ ಬದಲಿಲ್ಲ. ಕಂದು ಸರಿ, ಸುಣ್ಣದ ಬಿಳುಪು ಅಪಾಯ.

ಎಥನಾಲಿನ ಇನ್ನೊಂದು ಚೇಷ್ಟೆ ನೀರು ಹೀರುವುದು. ಇದನ್ನು ತೋರಿಸಲು ಶೆಡ್ಡಿನಲ್ಲಿ ಒಂದು 100 ಮಿಲಿಲೀಟರಿನ ಅಳತೆಯ ಗಾಜಿನ ಕೊಳವೆ ಇಟ್ಟಿದ್ದಾರೆ. 10 ಮಿಲಿ ನೀರು, ಮೇಲೆ 90 ಮಿಲಿ ಬಂಕಿನ ಪೆಟ್ರೋಲು, ಬಾಯಿ ಮುಚ್ಚಿ ಕುಲುಕಿ ಹತ್ತು ನಿಮಿಷ ಇಟ್ಟರೆ ತಳದ ಪದರ 10ರಿಂದ 27–28ಕ್ಕೆ ಏರುತ್ತದೆ. ಪೆಟ್ರೋಲಿನಲ್ಲಿದ್ದ ಎಥನಾಲೆಲ್ಲ ನೀರಿನ ಜೊತೆ ಕೆಳಗಿಳಿಯಿತು. ನಿಂತ ಕಾರಿನ ಟ್ಯಾಂಕಿನಲ್ಲಿ ತಿಂಗಳುಗಳ ಮೇಲೆ ಆಗುವುದೂ ಇದೇ. ಪಂಪಿನ ಪೈಪು ತಳದಲ್ಲೇ ಇರುವುದರಿಂದ ಮೊದಲು ಎಳೆಯುವುದು ಆ ಕೊಳಕನ್ನು. ತಿಂಗಳಿಗಿಂತ ಹೆಚ್ಚು ನಿಲ್ಲಿಸುವ ಕಾರಿನ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಬೌಲ್ ಒಣಗುವವರೆಗೆ ಓಡಿಸಿ ಆಫ್ ಮಾಡುವುದು ಇಲ್ಲಿಯ ಕಟ್ಟುನಿಟ್ಟು. ಅಂಬಾಸಿಡರ್, ಫಿಯೆಟ್ಟುಗಳಲ್ಲಿ ಪೆಟ್ರೋಲ್ ಎಳೆಯುವ ಪಂಪಿನೊಳಗಿನ ಪೊರೆ (ಡಯಾಫ್ರಮ್) ಉಬ್ಬಿ ಹರಿಯುತ್ತದೆ. ಹರಿದರೆ ಪೆಟ್ರೋಲ್ ನೇರ ಆಯಿಲ್ ತೊಟ್ಟಿಗೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹೆಚ್ಚಾಗಿದೆ ಎಂದು ಖುಷಿಪಡಬಾರದು, ಮೂಗಿಗೆ ಹಿಡಿದು ನೋಡಬೇಕು. ಹೋಸ್ ಪೈಪಿನ ಮೇಲೆ 'ಆರ್9' ಎಂದು ಅಚ್ಚಿದ್ದರೆ ತಾಳುತ್ತದೆ. ಜೆ.ಸಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಹೆಸರಿಲ್ಲದ ಕಪ್ಪು ಪೈಪು ಆರು ತಿಂಗಳಲ್ಲಿ ಒಳಗಿನಿಂದ ಕಳಚಿ ಸಿಪ್ಪೆ ಏಳುತ್ತದೆ.

ಶೆಡ್ಡಿನ ಇನ್ನೊಂದು ತುದಿ ರೇಸಿನವರದು. ಅಲ್ಲಿ ಮಾತು ಕಡಿಮೆ, ಪಟ್ಟಿ ಜಾಸ್ತಿ. ಮೊದಲು ಕಣ್ಣಿಗೆ ಬೀಳುವುದು ಒಂದು ಸಿಪಾನಿ ಡಾಲ್ಫಿನ್. ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೇ ತಯಾರಾದ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧಾರದ ಪುಟ್ಟ ಕಾರು. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಫೈಬರ್ ಬಾಡಿ, ಹಿಂದಿನ ಚಕ್ರಕ್ಕೆ ಶಕ್ತಿ. ಮನೆಮಂದಿ ಕೊಳ್ಳಲಿಲ್ಲ, ಹಗುರ ನೋಡಿ ರೇಸಿನವರೂ ರ್‍ಯಾಲಿಯವರೂ ಎತ್ತಿಕೊಂಡರು. ಹಳೆ ಕಾರಿನ ಬಣ್ಣದಡಿ ಮೆತ್ತಿದ ಪುಟ್ಟಿ ಪತ್ತೆಹಚ್ಚಲು ಬಟ್ಟೆ ಸುತ್ತಿದ ಅಯಸ್ಕಾಂತ ತಂದವರು ಇದರ ಮುಂದೆ ಪೇಚಿಗೆ ಬೀಳುತ್ತಾರೆ, ಎಲ್ಲೂ ಅಂಟುವುದಿಲ್ಲ. ಫೈಬರಿನಲ್ಲಿ ನೋಡಬೇಕಾದ್ದು ಬಾಗಿಲ ಮೂಲೆ, ಬಾನೆಟ್ ಹಿಂಜಿನ ಸುತ್ತ ಜೇಡರಬಲೆಯ ಹಾಗೆ ಹರಡುವ ಬಿರುಕು. ಬಿರುಕು ಮೇಲಿನ ಬಣ್ಣದ್ದೋ ಒಳಗಿನ ನಾರಿನದ್ದೋ ಎಂಬುದು ಒಳಬದಿಗೆ ಟಾರ್ಚ್ ಹಿಡಿದರೆ ತಿಳಿಯುತ್ತದೆ.

ಪಕ್ಕದಲ್ಲಿ ಒಂದು ಫಾರ್ಮುಲಾ ಮಾರುತಿ. ಒಬ್ಬರೇ ಕೂರುವ ರೇಸ್ ಕಾರು, ಬೆನ್ನ ಹಿಂದೆ ಮಾರುತಿ 800ರ 796 ಸಿಸಿ ಎಂಜಿನ್. ಇದರಲ್ಲಿ ಕೂರಲು ಬಿಡುತ್ತಾರೆ, ಕೂರುವ ರೀತಿ ಕಲಿತರೆ. ಷೂ ಬಿಚ್ಚಿ, ಸೀಟಿನ ನಡುವೆ ಪಾದ ಇಟ್ಟು, ರೋಲ್ ಹೂಪ್ (ಕಾರು ಮಗುಚಿದರೆ ತಲೆ ಕಾಯುವ ಕಬ್ಬಿಣದ ಕಮಾನು) ಹಿಡಿದು ಇಳಿಯಬೇಕು. ಕನ್ನಡಿ, ಸ್ಟೀರಿಂಗು, ಫೈಬರ್ ಅಂಚು ಹಿಡಿದು ಭಾರ ಬಿಟ್ಟರೆ ಮುರಿಯುತ್ತದೆ. ಅಗಲ ಪಾದದವರಿಗೆ ಮೂರೂ ಪೆಡಲು ಒಟ್ಟಿಗೇ ಸಿಗುತ್ತವೆ, ರೇಸಿನವರ ಷೂ ಸಪೂರ ಇರುವುದು ಸ್ಟೈಲಿಗಲ್ಲ. ಬಿಚ್ಚಿ ಹಾಕುವ ಸ್ಟೀರಿಂಗ್ ಆಗಿದ್ದರೆ ಹಾಕಿದ ಮೇಲೆ ತನ್ನತ್ತ ಜೋರಾಗಿ ಒಮ್ಮೆ ಎಳೆದು ನೋಡಬೇಕು. ಕ್ಲಿಕ್ ಸದ್ದನ್ನು ನಂಬಬಾರದು. ಹೆಗಲ ಪಟ್ಟಿಯ ಚೀಟಿಯಲ್ಲಿ ಅವಧಿ ಮುಗಿಯುವ ವರ್ಷ ಇರುತ್ತದೆ. ಮುಗಿದ ಪಟ್ಟಿ ನೋಡಲು ಹೊಸದರಂತೆ ಇದ್ದರೂ ಸ್ಪರ್ಧೆಯ ತಪಾಸಣೆಯಲ್ಲಿ ಪಾಸಾಗದು. ಬಿಸಿಲು, ಬೆವರಿಗೆ ನೇಯ್ಗೆಯ ಬಲ ಹೋಗುವುದು ಕಣ್ಣಿಗೆ ಕಾಣುವುದಿಲ್ಲ.

ಈ ಕಾರಿಗೆ ಕಿಲೋಮೀಟರ್ ಲೆಕ್ಕ ಇಲ್ಲ, ಎಂಜಿನ್ ಓಡಿದ ಗಂಟೆಗಳ ಲೆಕ್ಕ. ಬಿಗಿದ ಪ್ರತಿ ಬೋಲ್ಟಿನ ಮೇಲೆ ಹಳದಿ ಮಾರ್ಕರಿನ ಒಂದು ಗೆರೆ, ಬೋಲ್ಟಿನಿಂದ ಪಕ್ಕದ ಲೋಹಕ್ಕೆ ಸೇರುವಂತೆ. ಗೆರೆ ತುಂಡಾಗಿ ಕಂಡರೆ ಬೋಲ್ಟ್ ತಿರುಗಿದೆ. ಬ್ರೇಕ್ ಆಯಿಲ್ ಪ್ರತಿ ರೇಸಿಗೂ ಹೊಸದು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ನೀರು ಹೀರಿಕೊಂಡ ಮೇಲೆ ಅದರ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಗುಳ್ಳೆ, ಗುಳ್ಳೆ ಅಂದರೆ ಪೆಡಲ್ ನೆಲಕ್ಕೆ.

ಬಂದ ದಿನ ಅದರ ತೂಕ ಹೊಂದಿಸುವ ಕೆಲಸ ನಡೆದಿದ್ದರೆ ನಿಮ್ಮ ಅದೃಷ್ಟ. ನಾಲ್ಕು ಚಕ್ರದಡಿ ನಾಲ್ಕು ತಕ್ಕಡಿ, ಸೀಟಿನಲ್ಲಿ ಡ್ರೈವರ್ ಬದಲು 25 ಕೆ.ಜಿ.ಯ ಎರಡು ಅಕ್ಕಿ ಮೂಟೆ, ಕಾಲಿನ ಜಾಗಕ್ಕೆ 10ರದ್ದು ಎರಡು. ನೆಲ ಮಟ್ಟ ಇರಬೇಕು, ತಕ್ಕಡಿಯಡಿ ಲಿನೋಲಿಯಂ ತುಂಡುಗಳನ್ನು ಕೊಟ್ಟು ನೀರಿನ ಟ್ಯೂಬಿನಲ್ಲಿ ಮಟ್ಟ ನೋಡುತ್ತಾರೆ. ಮುಂದೆ ಎಡ 118, ಬಲ 112, ಹಿಂದೆ ಎಡ 152, ಬಲ 148 ಬಂದರೆ ಒಟ್ಟು 530. ಓರೆಯಾಗಿ ಮುಂದಿನ ಬಲ ಹಿಂದಿನ ಎಡ ಕೂಡಿದರೆ 264, ಅಂದರೆ ಶೇ. 49.8. ಐವತ್ತಕ್ಕೆ ಇಷ್ಟು ಹತ್ತಿರ ಇದ್ದರೆ ಎಡಕ್ಕೂ ಬಲಕ್ಕೂ ಕಾರು ಒಂದೇ ರೀತಿ ತಿರುಗುತ್ತದೆ. ಇಲ್ಲದಿದ್ದರೆ ಸ್ಪ್ರಿಂಗ್ ಕೆಳಗಿನ ರಿಂಗನ್ನು ಅರ್ಧರ್ಧ ಸುತ್ತು. ಒಂದು ಮೂಲೆ ಎತ್ತಿದರೆ ಅದಕ್ಕೆ ಓರೆಯಾಗಿ ಎದುರಿರುವ ಮೂಲೆಯೂ ಭಾರ ಹೊರುತ್ತದೆ, ಉಳಿದೆರಡು ಹಗುರಾಗುತ್ತವೆ. ಒಂದೇ ಮೂಲೆಯ ಮೇಲೆ ಸಿಟ್ಟು ತೀರಿಸಿದರೆ ಕಾರಿನ ಎತ್ತರ ಕೆಡುತ್ತದೆ, ನಾಲ್ಕಕ್ಕೂ ಸ್ವಲ್ಪ ಸ್ವಲ್ಪ ಹಂಚಬೇಕು.

ಅಷ್ಟರಲ್ಲಿ ಟಿಸಿ ಹದಕ್ಕೆ ಬಂದಿರುತ್ತದೆ. ನಿಂತಲ್ಲೇ ಐದು ನಿಮಿಷ ಓಡಿಸಿ ಆಫ್ ಮಾಡುವುದು ಎಬ್ಬಿಸದಿರುವುದಕ್ಕಿಂತ ಕೆಟ್ಟದ್ದು. ಎಂಜಿನ್ನಿನೊಳಗೂ ಸೈಲೆನ್ಸರಿನೊಳಗೂ ಕೂತ ನೀರಿನ ಹಬೆ ಹೋಗಲು ಆಯಿಲ್ ಪೂರ್ತಿ ಬಿಸಿಯಾಗಬೇಕು, ಅದಕ್ಕೆ 15–20 ಕಿಲೋಮೀಟರ್ ಬೇಕು. ಅತಿಥಿಗೆ ಎಡಗಡೆ ಸೀಟು. ಮೊದಲ ನೂರು ಮೀಟರಿನಲ್ಲೇ ಮೂರು ಸಲ ಬ್ರೇಕ್ ಒತ್ತಿ, ನೇರ ನಿಲ್ಲುತ್ತದೋ ಒಂದು ಕಡೆ ಎಳೆಯುತ್ತದೋ ನೋಡಿದ ಮೇಲೆಯೇ ಗೇಟು ದಾಟುವುದು. ಬಾಗಿಲ ಮೇಲೆ ಮೊಣಕೈ ಇಡಬೇಡಿ, ಬಾಗಿಲು ಹಿಂಜಿನಿಂದ ಇಳಿದುಬಿಡುತ್ತದೆ. ರಾಜಾನುಕುಂಟೆ ಕಡೆಯ ಹಂಪುಗಳಲ್ಲಿ ಕಾರು ಪಕ್ಕಕ್ಕೆ ಜಿಗಿದಂತೆ ಆದರೆ ಅದು ಗಟ್ಟಿ ಆಕ್ಸಲ್ಲಿನ ಸ್ವಭಾವ, ಸ್ಟೀರಿಂಗ್ ಬಿಗಿಯಾಗಿ ಹಿಡಿದಷ್ಟೂ ಹೆಚ್ಚು ಒದ್ದಾಡುತ್ತದೆ.

ವಾಪಸು ಬಂದ ಕೂಡಲೇ, ಎಂಜಿನ್ ಆರುವ ಮೊದಲೇ, ನಾಲ್ಕೂ ಚಕ್ರದ ಡ್ರಮ್ಮಿಗೆ ಹೊರಗೈ ತಂದು ಬಿಸಿ ನೋಡುವುದು. ಮೂರು ಬೆಚ್ಚಗಿದ್ದವು, ಹಿಂದಿನ ಎಡಗಡೆಯದು ಹತ್ತಿರ ಕೈ ತರಲಾರದಷ್ಟು. ಕೆಳಗೆ ಸ್ಟೀಲ್ ತಟ್ಟೆ ಇಟ್ಟರು, ಬಾನೆಟ್ ತೆರೆದು ಬಲ್ಬು ಹಾಕಿದರು, ರೀಪರ್ ತುಂಡು ಕ್ಲಚ್ಚಿಗೆ ಹೋಯಿತು. ಗೋಡೆಗೆ ನೇತುಹಾಕಿದ ಪುಸ್ತಕದಲ್ಲಿ ಮೇಸ್ತ್ರಿ ಬರೆದದ್ದು: 18 ಕಿ.ಮೀ., ಪೆಟ್ರೋಲ್ ಖಾಲಿ ಮಾಡಿದೆ, ಹಿಂದೆ ಎಡ ಡ್ರಮ್ ಬಿಸಿ, ಶೂ ಸ್ಪ್ರಿಂಗ್ ನೋಡಬೇಕು. ಬುಟ್ಟಿಯಲ್ಲಿ ಇನ್ನೂ ಎರಡು ಬೆಲ್ಟು ಉಳಿದಿದ್ದವು.